ಮೊಬೈಲ್ ಫೋನು ಮತ್ತು ನಮ್ಮ ಮಕ್ಕಳ ಮನಸ್ಸು: ಕೇಳಿ ತಿಳಿಯುವ ಬಗೆ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ತಂದೆತಾಯಂದಿರ ಹಾಗೂ ಯುವಜನರ ಸಭೆಯಲ್ಲಿ ನಿವೃತ್ತ ಪ್ರೌಢಶಾಲಾ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಪಾಠ)



ಶತಮಾನೋತ್ಸವ ಸಮಿತಿಯವರು ನಮ್ಮ ಮನೆಗೆ ದಯಮಾಡಿಸಿ, "ಮೇಷ್ಟ್ರೇ, ಮೊಬೈಲಿನಿಂದ ಮಕ್ಕಳು ಹಾಳಾಗುತ್ತಿರುವ ವಿಷಯವಾಗಿ ತಾವು ಅರ್ಧ ಗಂಟೆ ಮಾತನಾಡಬೇಕು" ಎಂದು ಕೇಳಿಕೊಂಡಾಗ ನಾನು ಒಪ್ಪಿಕೊಂಡೆನಾದರೂ, ಒಂದು ಸಣ್ಣ ತಿದ್ದುಪಡಿಯನ್ನು ಬೇಡಿದೆ. ಮಕ್ಕಳು ಹಾಳಾಗುತ್ತಿದ್ದಾರೆಂದು ಮೊದಲೇ ತೀರ್ಪು ಕೊಟ್ಟು ಅನಂತರ ಭಾಷಣ ಮಾಡುವುದು ಸುಲಭ. ಹಾಗೆ ಹಾಳಾಗುತ್ತಿರುವುದು ನಿಜವೇ, ನಿಜವಾದರೆ ಯಾವ ಮಕ್ಕಳು, ಎಷ್ಟರ ಮಟ್ಟಿಗೆ, ಅದನ್ನು ತಿಳಿಯುವುದಾದರೂ ಹೇಗೆ ಎಂಬುದನ್ನು ಕುರಿತು ಮಾತನಾಡಲು ಅಪ್ಪಣೆಯಾಗಬೇಕೆಂದು ಅರಿಕೆ ಮಾಡಿಕೊಂಡೆ. ಅದಕ್ಕೆ ಕಾರಣವೂ ಇತ್ತು. ನಮ್ಮ ಯುವ ಸಂಘದವರು ಈ ಶತಮಾನೋತ್ಸವ ವರ್ಷದಲ್ಲಿ ಧರ್ಮಕೇಂದ್ರದ ಮನೆಮನೆಗೂ ಹೋಗಿ, ಮೊಬೈಲ್ ಬಳಕೆಯನ್ನೂ ಮಕ್ಕಳ ಮನಸ್ಸಿನ ಆರೋಗ್ಯವನ್ನೂ ಕುರಿತು ಸಮೀಕ್ಷೆ ನಡೆಸಲು ನಿಶ್ಚಯಿಸಿದ್ದಾರೆ. ಅವರ ಪ್ರಶ್ನಾವಳಿಯನ್ನು ನನಗೆ ತೋರಿಸಿದರು. ಅದರ ಮೊದಲನೆಯ ಪ್ರಶ್ನೆಯೇ "ನೀವು ಮೊಬೈಲಿನ ದಾಸರಾಗಿದ್ದೀರಾ?" ಎಂದಿತ್ತು. ಹೌದೆನ್ನುವವನು ಸಂತನೇ ಆಗಿರಬೇಕು. ಇಲ್ಲವೆನ್ನುವವನ ಮಾತನ್ನು ಯಾರೂ ನಂಬುವುದಿಲ್ಲ. ಇಂತಹ ಪ್ರಶ್ನೆಯಿಂದ ಏನು ತಿಳಿದೀತು? ಆದರೂ ಅವರ ಉತ್ಸಾಹವನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಇಂದಿನ ನನ್ನ ಮಾತು ಮುಖ್ಯವಾಗಿ ಅವರನ್ನು ಉದ್ದೇಶಿಸಿದ್ದು.

ಹೊಸದೊಂದು ಯಂತ್ರ ಊರಿಗೆ ಬಂದಾಗಲೆಲ್ಲ ಹಿರಿಯರು ಭಯಪಟ್ಟಿದ್ದಾರೆ. ನಾನು ಬಾಲಕನಾಗಿದ್ದಾಗ ಟೂರಿಂಗ್ ಟಾಕೀಸಿನ ಡೇರೆ ಬಂದರೆ ಉಪದೇಶಿಗಳು ನಮ್ಮನ್ನು ಸಂಜೆಯ ಜಪಮಾಲೆಗೆ ಕೂರಿಸಿ ಎಣಿಸುತ್ತಿದ್ದರು. ಅನಂತರ ರೇಡಿಯೋ, ಆಮೇಲೆ ದೂರದರ್ಶನ. 1987ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿ ಬರತೊಡಗಿದಾಗ, ಬಲಿಪೂಜೆ ಮುಗಿಯುವ ಮುನ್ನವೇ ಹಿಂದಿನ ಸಾಲಿನವರು ಮೆಲ್ಲನೆ ಎದ್ದು ಹೋಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹಾಗೆ ಎದ್ದುಹೋದವರಲ್ಲಿ ಕೆಲವರು ಇಂದು ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತು ಮೊಮ್ಮಕ್ಕಳ ಮೊಬೈಲಿನ ಬಗೆಗೆ ಚಿಂತಿಸುತ್ತಿದ್ದಾರೆ. ಇದನ್ನು ಹಾಸ್ಯಕ್ಕಾಗಿ ಹೇಳಿದೆನೇ ಹೊರತು, ಹಿಂದಿನ ಭಯಗಳಂತೆ ಇದೂ ಸುಳ್ಳು ಭಯವೆಂದು ಹೇಳುವುದು ನನ್ನ ಉದ್ದೇಶವಲ್ಲ. ಡೇರೆಯ ಸಿನಿಮಾ ರಾತ್ರಿ ಮುಗಿದರೆ ಮುಗಿಯಿತು. ಇದು ದಿಂಬಿನ ಕೆಳಗೆ ಮಲಗುತ್ತದೆ.

ನಮ್ಮ ಈ ಭಾಗದಲ್ಲಿ ಬದಲಾವಣೆ ಎಷ್ಟು ಬೇಗ ಬಂದಿತೆಂಬುದನ್ನು ಸ್ವಲ್ಪ ನೆನೆಯಬೇಕು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಬೇರೆಯಾದಾಗ ದೊಡ್ಡಬಳ್ಳಾಪುರದಲ್ಲಿ ಟೆಲಿಫೋನಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ದ್ರಾಕ್ಷಿ, ಚಕ್ಕೋತದ ತೋಟಗಳ ಜಾಗದಲ್ಲಿ ಬಡಾವಣೆಗಳು ಎದ್ದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರ್ಜಾಲ ಅಗ್ಗವಾದ ಮೇಲೆ ಮಗ್ಗದ ಮನೆಗೂ ದನದ ಕೊಟ್ಟಿಗೆಗೂ ಅದು ಹೊಕ್ಕಿತು. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ, ಅದುವರೆಗೆ "ಮೊಬೈಲ್ ಮುಟ್ಟಬೇಡ" ಎಂದು ಗದರಿಸುತ್ತಿದ್ದ ನಾವೇ, ಅಧ್ಯಾಪಕರೂ ತಂದೆತಾಯಂದಿರೂ ಸೇರಿ, ಮಕ್ಕಳ ಕೈಗೆ ಅದನ್ನು ಕೊಟ್ಟು ಪಾಠ ಕೇಳಿರೆಂದೆವು. ಎಮ್ಮೆಯನ್ನೋ ಕಿವಿಯೋಲೆಯನ್ನೋ ಮಾರಿ ಫೋನು ಕೊಂಡ ತಾಯಂದಿರನ್ನು ನಾನು ಬಲ್ಲೆ. ಈಗ 2025ರಿಂದ ದೇವನಹಳ್ಳಿ–ದೊಡ್ಡಬಳ್ಳಾಪುರಗಳ ನಡುವಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನುಗಳೇ ತಯಾರಾಗುತ್ತಿವೆ. ಲೋಕದ ಮಕ್ಕಳ ಕೈಗೆ ಹೋಗುವ ವಸ್ತು ನಮ್ಮ ಹೊಲಗಳ ಪಕ್ಕದಲ್ಲಿ ಹುಟ್ಟುತ್ತಿರುವಾಗ, ಅದು ನಮ್ಮ ಮಕ್ಕಳಿಗೆ ಏನು ಮಾಡುತ್ತಿದೆಯೆಂದು ವಿಚಾರಿಸುವ ಹಕ್ಕು ನಮಗಿದೆಯೆಂದೇ ನಾನು ಭಾವಿಸುತ್ತೇನೆ.

ಇನ್ನು ವಿದ್ವಾಂಸರು ಏನು ಹೇಳುತ್ತಾರೆಂಬುದನ್ನು ನೋಡೋಣ. ಅವರಲ್ಲಿಯೂ ಒಮ್ಮತವಿಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಒಂದು ಪಕ್ಷದವರ ವಾದವನ್ನು ಅಮೆರಿಕದ ಜೊನಾಥನ್ ಹೈಟ್ ಎಂಬ ಪ್ರಾಧ್ಯಾಪಕರು 2024ರಲ್ಲಿ ಒಂದು ಪುಸ್ತಕವಾಗಿಯೇ ಬರೆದಿದ್ದಾರೆ. ಸುಮಾರು 2010ರಿಂದೀಚೆಗೆ, ಸ್ಮಾರ್ಟ್‌ಫೋನು ಮಕ್ಕಳ ಕೈಗೆ ಬಂದ ಕಾಲದಲ್ಲೇ, ಅವರಲ್ಲಿ ಆತಂಕ, ಖಿನ್ನತೆಗಳು ಏರಿವೆ. ಅದರಲ್ಲೂ ಹೆಣ್ಣುಮಕ್ಕಳಲ್ಲಿ ಏರಿವೆ. ಆಟದ ಬಯಲಿನ ಬಾಲ್ಯ ಹೋಗಿ ಫೋನಿನ ಬಾಲ್ಯ ಬಂದದ್ದೇ ಇದಕ್ಕೆ ಕಾರಣ ಎಂಬುದು ಅವರ ಮತ. ಇನ್ನೊಂದು ಪಕ್ಷದವರು ಇಂಗ್ಲೆಂಡಿನ ಏಮಿ ಓರ್ಬೆನ್ ಮತ್ತು ಆ್ಯಂಡ್ರೂ ಪ್ರ್ಜಿಬಿಲ್‌ಸ್ಕಿ. ಇವರು 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಜಾಲಿಸಿ ನೋಡಿ, ಮಕ್ಕಳ ಸ್ವಾಸ್ಥ್ಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಡಿಜಿಟಲ್ ಸಾಧನಗಳ ಪಾಲು ಹೆಚ್ಚೆಂದರೆ ಶೇಕಡಾ 0.4 ಮಾತ್ರವೆಂದು ಪ್ರಕಟಿಸಿದರು. ಅವರು ಕೊಟ್ಟ ಹೋಲಿಕೆ ಸ್ವಾರಸ್ಯವಾಗಿದೆ: ಅದೇ ಲೆಕ್ಕದಲ್ಲಿ ಆಲೂಗೆಡ್ಡೆ ತಿನ್ನುವುದಕ್ಕೂ ಮಕ್ಕಳ ಮನಸ್ಸಿಗೂ ಸುಮಾರು ಅಷ್ಟೇ ಸಂಬಂಧ ಕಂಡುಬಂದಿತಂತೆ! ಆಲೂಗೆಡ್ಡೆ ಬೆಳೆಯುವ ನಮ್ಮ ರೈತರು ಗಾಬರಿಯಾಗಬೇಕಿಲ್ಲ. ಸಂಖ್ಯೆ ಅಪಾರವಾದಾಗ ಯಾವುದಕ್ಕೂ ಯಾವುದಕ್ಕೂ ಸಣ್ಣ ಸಂಬಂಧ ಕಂಡೀತೆಂಬುದೇ ಅವರ ಮಾತಿನ ಇಂಗಿತ. ಅದೇ ಲೆಕ್ಕದಲ್ಲಿ ಸಹಪಾಠಿಗಳ ಪೀಡನೆಯ ಕೆಡುಕು ಅನೇಕ ಪಟ್ಟು ಹೆಚ್ಚಾಗಿತ್ತು. ಸಾಕಷ್ಟು ನಿದ್ರೆ, ಬೆಳಗಿನ ತಿಂಡಿ, ಇವುಗಳ ಒಳಿತೂ ಹಾಗೆಯೇ ಹೆಚ್ಚಾಗಿತ್ತು.

ಆದರೆ ಸರಾಸರಿಯೆಂಬುದು ಮೋಸಗಾರ. ಸೊಂಟದಷ್ಟು ಆಳದ ಕೆರೆಯಲ್ಲಿಯೂ ಒಂದು ಗುಂಡಿಯಿದ್ದರೆ ಮಗು ಮುಳುಗುತ್ತದೆ. ಅದೇ ಓರ್ಬೆನ್ ಅವರು 2022ರಲ್ಲಿ ಮತ್ತೊಂದು ಅಧ್ಯಯನವನ್ನು ಪ್ರಕಟಿಸಿ, ಸಾಮಾಜಿಕ ಜಾಲತಾಣಗಳು ಮನಸ್ಸಿಗೆ ಹೆಚ್ಚು ತಟ್ಟುವ ವಯಸ್ಸುಗಳಿವೆ, ಹೆಣ್ಣುಮಕ್ಕಳಿಗೆ 11ರಿಂದ 13, ಗಂಡುಮಕ್ಕಳಿಗೆ 14–15, ಇಬ್ಬರಿಗೂ ಮತ್ತೆ 19ರ ಸುಮಾರು ಎಂದು ತೋರಿಸಿದ್ದಾರೆ. ಈ ವಯಸ್ಸುಗಳು ಬ್ರಿಟನ್ನಿನ ಮಕ್ಕಳ ಲೆಕ್ಕವೆಂಬುದನ್ನು ಮರೆಯದೆ ಇದನ್ನು ನಾವು ಗಮನಿಸಬೇಕು.

ಇಲ್ಲಿ ಒಬ್ಬ ಕನ್ನಡಿಗರ ಹೆಸರನ್ನು ಅಭಿಮಾನದಿಂದ ಹೇಳಬಯಸುತ್ತೇನೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದ ಡಾಕ್ಟರ್ ವಿವೇಕ್ ಮೂರ್ತಿಯವರು ಅಮೆರಿಕ ಸರ್ಕಾರದ ಸರ್ಜನ್ ಜನರಲ್ ಹುದ್ದೆಯಲ್ಲಿದ್ದಾಗ, 2023ರ ಮೇ ತಿಂಗಳಲ್ಲಿ ಯುವಜನರ ಮನಸ್ಸು ಮತ್ತು ಸಾಮಾಜಿಕ ಜಾಲತಾಣಗಳ ಬಗೆಗೆ ಒಂದು ಎಚ್ಚರಿಕೆಯ ಪ್ರಕಟಣೆ ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕಾಲ ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕಗಳ ಲಕ್ಷಣ ಕಾಣಿಸಿಕೊಳ್ಳುವ ಅಪಾಯ ಇಮ್ಮಡಿಯಾಗಿರುತ್ತದೆಂದು ಅದರಲ್ಲಿ ತಿಳಿಸಿದ್ದಾರೆ. ಅದೇ ಪ್ರಕಟಣೆಯಲ್ಲಿ, ಒಂಟಿಯಾದ ಮಕ್ಕಳಿಗೆ ಅದೇ ಜಾಲತಾಣದಿಂದ ಸ್ನೇಹ, ಆಸರೆಗಳು ದೊರೆಯುವುದೂ ಉಂಟೆಂದು ಬರೆದಿದ್ದಾರೆ. ಪತ್ರಿಕೆಗಳಲ್ಲಿ ಮೊದಲನೆಯ ಮಾತು ಬಂದಷ್ಟು ದೊಡ್ಡದಾಗಿ ಎರಡನೆಯ ಮಾತು ಬರಲಿಲ್ಲ.

ನಮ್ಮ ಬೆಂಗಳೂರಿನಲ್ಲೇ ಈ ಕೆಲಸ ನಡೆದಿದೆ. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ, 2014ರಿಂದ "ಶಟ್" ಎಂಬ ಚಿಕಿತ್ಸಾಲಯ ನಡೆಯುತ್ತಿದೆ. ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಇರುವ ಸೇವೆ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಸಂಕ್ಷೇಪ ಅದು. ಡಾಕ್ಟರ್ ಮನೋಜ್ ಕುಮಾರ್ ಶರ್ಮ ಅವರ ನೇತೃತ್ವದ ಈ ಚಿಕಿತ್ಸಾಲಯ ಇಡೀ ದೇಶದಲ್ಲಿಯೇ ಇಂತಹವುಗಳಲ್ಲಿ ಮೊದಲನೆಯದು. "ತಂತ್ರಜ್ಞಾನವನ್ನು ಬಿಡಿ" ಎನ್ನದೆ "ಆರೋಗ್ಯಕರ ಬಳಕೆ" ಎಂದು ಹೆಸರಿಟ್ಟಿರುವುದರಲ್ಲಿ ಅರ್ಥವಿದೆ. ಸಾರಾಯಿಯನ್ನು ಪೂರ್ತಿ ಬಿಡಿಸಬಹುದು. ನಾಳೆ ಕಾಲೇಜಿನ ಅರ್ಜಿ ತುಂಬಬೇಕಾದ ಹುಡುಗನಿಂದ ಫೋನನ್ನು ಪೂರ್ತಿ ಬಿಡಿಸಲಾಗುವುದಿಲ್ಲ.

"ಅಡಿಕ್ಷನ್" ಎಂಬ ಪದವನ್ನು ನಾವು ಧಾರಾಳವಾಗಿ ಬಳಸುತ್ತೇವಾದ್ದರಿಂದ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ದೊರೆತು, 2022ರ ಜನವರಿ 1ರಿಂದ ಅದು ಜಾರಿಗೆ ಬಂದಿದೆ. ಅದರಲ್ಲಿ ಗೇಮಿಂಗ್ ವ್ಯಸನಕ್ಕೆ ಸ್ಥಾನವಿದೆ. ಮೊಬೈಲ್ ವ್ಯಸನವೆಂಬ ಹೆಸರಿನ ರೋಗವಿಲ್ಲ. ಗೇಮಿಂಗ್ ವ್ಯಸನವೆಂದು ವೈದ್ಯರು ಹೇಳಬೇಕಾದರೂ, ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಕೆಡುಕಾಗುತ್ತಿದ್ದರೂ ಬಿಡಲಾಗದಿರಬೇಕು, ಸಾಮಾನ್ಯವಾಗಿ ಇದು ಹನ್ನೆರಡು ತಿಂಗಳಾದರೂ ನಡೆದಿರಬೇಕು. ದಸರೆ ರಜೆಯಲ್ಲಿ ಹತ್ತು ದಿನ ಆಡಿದ ಮಗನನ್ನು ಅಡಿಕ್ಟ್ ಎಂದು ನೆರೆಹೊರೆಯವರ ಮುಂದೆ ಕರೆಯುವ ತಂದೆತಾಯಂದಿರು ಇದನ್ನು ದಯವಿಟ್ಟು ಕೇಳಿಸಿಕೊಳ್ಳಬೇಕು.

ಈಗ ನನ್ನದೇ ಒಂದು ತಪ್ಪನ್ನು ತಮ್ಮ ಮುಂದಿಡುತ್ತೇನೆ. ಇದನ್ನು ಹೇಳುವುದಕ್ಕೆ ಆ ಹುಡುಗನ ಒಪ್ಪಿಗೆಯನ್ನು ಪಡೆದಿದ್ದೇನೆ. ಅವನು ನಮ್ಮ ಧರ್ಮಕೇಂದ್ರದವನಲ್ಲ. ಅವನ ಊರನ್ನಾಗಲಿ ಹೆಸರನ್ನಾಗಲಿ ಹೇಳುವುದಿಲ್ಲ, ಯಾರೂ ಊಹಿಸಲು ಹೋಗಬಾರದೆಂದು ಪ್ರಾರ್ಥನೆ.

2021ರಲ್ಲಿ ಕೊರೋನಾದ ಎರಡನೆಯ ಅಲೆ ಇಳಿದು ಶಾಲೆಗಳು ಮತ್ತೆ ತೆರೆದ ಸಮಯ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ದಿನವೂ ಮೊದಲನೆಯ ಪೀರಿಯಡ್ಡಿನಲ್ಲಿಯೇ ತೂಕಡಿಸುತ್ತಿದ್ದ. ಹಿಂದೆ ಚೂಟಿಯಾಗಿದ್ದವನು ಈಗ ಕೇಳಿದ್ದಕ್ಕೂ ಉತ್ತರಿಸುತ್ತಿರಲಿಲ್ಲ. ವಿಚಾರಿಸಿದಾಗ ಸಹಪಾಠಿಗಳು, "ಸರ್, ಅವನು ರಾತ್ರಿಯೆಲ್ಲ ಫೋನ್ ಹಿಡಿದಿರ್ತಾನೆ" ಎಂದರು. ನನಗೆ ಅಷ್ಟು ಸಾಕಾಯಿತು. ತಾಯಿಯನ್ನು ಶಾಲೆಗೆ ಕರೆಸಿ, ಮಗ ಕೈತಪ್ಪಿ ಹೋಗುವ ಮುನ್ನ ಫೋನನ್ನು ಕಿತ್ತುಕೊಳ್ಳಮ್ಮ ಎಂದು ಉಪದೇಶ ಮಾಡಿದೆ. ಆಕೆ ಮಗ್ಗದ ಕೆಲಸಕ್ಕೆ ಹೋಗುವ ಬಡ ಹೆಂಗಸು. ಮೇಷ್ಟರ ಮಾತನ್ನು ಮೀರಲಿಲ್ಲ. ಹೇಗೂ ದುಡ್ಡಿನ ಅಡಚಣೆಯೂ ಇತ್ತು. ಫೋನನ್ನು ಅಂಗಡಿಗೆ ಮಾರಿಬಿಟ್ಟಳು. ಮರುದಿನದಿಂದ ಹುಡುಗ ಶಾಲೆಗೆ ಬರುವುದನ್ನೇ ನಿಲ್ಲಿಸಿದ. ಮೂರು ವಾರಗಳಾದ ಮೇಲೆ ಆ ಕೇರಿಯ ಮನೆಗಳನ್ನು ಸಂದರ್ಶಿಸುತ್ತಿದ್ದ ಒಬ್ಬ ಭಗಿನಿಯವರು ಅವನ ಬಳಿ ಕುಳಿತು, ಬಹಳ ಹೊತ್ತು ಏನನ್ನೂ ಕೇಳದೆ ಇದ್ದು, ಅನಂತರ ವಿಷಯ ತಿಳಿದುಕೊಂಡರು. ಅದು ಅವನ ತಂದೆಯ ಫೋನು. ತಂದೆ ಆ ವರ್ಷದ ಮೇ ತಿಂಗಳಲ್ಲಿ ಕೊರೋನಾದಿಂದ ತೀರಿಕೊಂಡಿದ್ದರು. ಆಸ್ಪತ್ರೆಯಿಂದ ಅವರು ಮನೆಗೆ ಕಳುಹಿಸಿದ್ದ ಧ್ವನಿಸಂದೇಶಗಳು ಅದರಲ್ಲಿದ್ದವು. ಹುಡುಗನಿಗೆ ನಿದ್ರೆ ಬರುತ್ತಿರಲಿಲ್ಲ; ರಾತ್ರಿ ಅವನ್ನು ಕೇಳುತ್ತ ಮಲಗಿರುತ್ತಿದ್ದ. ನಾನು ಅಂಗಡಿಗೆ ಓಡಿದೆ. ಅಷ್ಟರಲ್ಲಿ ಅದರೊಳಗಿದ್ದುದನ್ನೆಲ್ಲ ಅಳಿಸಿ ಬೇರೆಯವರಿಗೆ ಮಾರಿಯಾಗಿತ್ತು.

ಹುಡುಗ ಒಂದು ವರ್ಷ ತಡವಾಗಿ ಎಸ್.ಎಸ್.ಎಲ್.ಸಿ. ಮುಗಿಸಿ, ಈಗ ಕೆಲಸದಲ್ಲಿದ್ದಾನೆ. ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಾನೆ. ಆ ನಮಸ್ಕಾರವನ್ನು ಸ್ವೀಕರಿಸುವುದು ನನಗೆ ಸುಲಭವಲ್ಲ.

ಇದನ್ನು ಏಕೆ ಹೇಳಿದೆನೆಂದರೆ, ನಾನು ಕಂಡದ್ದು ಸುಳ್ಳಾಗಿರಲಿಲ್ಲ. ರಾತ್ರಿಯೆಲ್ಲ ಫೋನು, ಹಗಲೆಲ್ಲ ಮಂಕು, ಎರಡೂ ನಿಜ. ಯಾವುದು ಯಾವುದಕ್ಕೆ ಕಾರಣವೆಂಬಲ್ಲಿ ಮಾತ್ರ ನಾನು ಎಡವಿದೆ. ಫೋನಿನಿಂದ ಮನಸ್ಸು ಕುಂದುವುದುಂಟು. ಮನಸ್ಸು ಕುಂದಿದ್ದರಿಂದ ಫೋನನ್ನು ಹಿಡಿಯುವುದೂ ಉಂಟು. ಎರಡಕ್ಕೂ ಹಿಂದೆ ಮೂರನೆಯದೊಂದು, ಮನೆಯ ಸಾವೋ ಸಾಲವೋ ತಂದೆಯ ಕುಡಿತವೋ, ಇರುವುದೂ ಉಂಟು. ಒಂದು ದಿನ ಮನೆಗೆ ಹೋಗಿ ಪ್ರಶ್ನೆ ಕೇಳಿ ಬಂದರೆ ಈ ಮೂರೂ ಕಾಗದದ ಮೇಲೆ ಒಂದೇ ತೆರನಾಗಿ ಕಾಣಿಸುತ್ತವೆ. ಆದುದರಿಂದಲೇ ಸಂಶೋಧಕರು ಅದೇ ಮಕ್ಕಳನ್ನು ವರ್ಷ ವರ್ಷವೂ ಕೇಳಿ, ಮೊದಲು ಬದಲಾದದ್ದು ಬಳಕೆಯೋ ಮನಸ್ಸೋ ಎಂದು ನೋಡುತ್ತಾರೆ. ಇನ್ನು ಕೆಲವರು ಚರಿತ್ರೆಯೇ ಮಾಡಿಟ್ಟ ಪ್ರಯೋಗವನ್ನು ಹುಡುಕುತ್ತಾರೆ. 2004ರಲ್ಲಿ ಫೇಸ್‌ಬುಕ್ ಹುಟ್ಟಿದಾಗ ಅದು ಅಮೆರಿಕದ ಎಲ್ಲ ಕಾಲೇಜುಗಳಿಗೆ ಒಟ್ಟಿಗೆ ಹೋಗಲಿಲ್ಲ. ಒಂದಾದ ಮೇಲೊಂದರಂತೆ ಹೋಯಿತು. ಬಂದ ಕಾಲೇಜಿನ ವಿದ್ಯಾರ್ಥಿಗಳನ್ನೂ ಇನ್ನೂ ಬಾರದ ಕಾಲೇಜಿನವರನ್ನೂ ಹೋಲಿಸಿ ನೋಡಿದ ಮೂವರು ಅರ್ಥಶಾಸ್ತ್ರಜ್ಞರು, ಅದು ಬಂದ ಕಡೆ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ, ವಿಶೇಷವಾಗಿ ಖಿನ್ನತೆಯ ವಿಷಯದಲ್ಲಿ, ಕೆಟ್ಟಿತೆಂದು 2022ರಲ್ಲಿ ಪ್ರಕಟಿಸಿದರು. ಇಲ್ಲಿ ಬೆರಳು ನೇರವಾಗಿ ಜಾಲತಾಣದ ಕಡೆಗೇ ತಿರುಗುತ್ತದೆ. ಹೀಗಾಗಿ ಫೋನು ನಿರಪರಾಧಿಯೆಂದು ನಾನು ವಕಾಲತ್ತು ವಹಿಸುತ್ತಿಲ್ಲ. ತನ್ನ ಭಾವಚಿತ್ರವನ್ನು ಯಾರೋ ತಿದ್ದಿ ಹಂಚಿದರೆಂದು ಪರೀಕ್ಷೆಗೆ ಬಾರದೆ ಕುಳಿತ ಹುಡುಗಿಯನ್ನೂ ನಾನು ಕಂಡಿದ್ದೇನೆ, ಹಣದ ಆಟದಲ್ಲಿ ಅಪ್ಪನ ರೇಷ್ಮೆಗೂಡಿನ ದುಡ್ಡು ಕಳೆದವನನ್ನೂ ಕಂಡಿದ್ದೇನೆ. ಹಣದ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ ಕಾನೂನು ಮಾಡಿ ನಿಷೇಧಿಸಿದ್ದು ಒಳ್ಳೆಯದೇ ಆಯಿತು.

ನಮ್ಮ ನಾಡಿನ ಮಕ್ಕಳ ಲೆಕ್ಕವೇನು? ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಆ ಸಮೀಕ್ಷೆ ನಡೆದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ. ಪೂರ್ವಸಿದ್ಧತೆಯ ಪರೀಕ್ಷೆ ಮಾತ್ರ ನಮ್ಮ ನೆರೆಯ ಕೋಲಾರದಲ್ಲಿ ನಡೆಯಿತು. ಅಲ್ಲದೆ ಅದು ಜಿಯೋ ಬರುವುದಕ್ಕೆ ಮುಂಚಿನ ಮಾತು. 2024ರ ಅಸರ್ ವರದಿಯ ಪ್ರಕಾರ ದೇಶದ ಗ್ರಾಮಗಳಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡಾ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನು ಬಳಸಲು ಬರುತ್ತದೆ. ಹಿಂದಿನ ವಾರದಲ್ಲಿ ಓದಿಗಾಗಿ ಬಳಸಿದವರು ಶೇಕಡಾ 57, ಜಾಲತಾಣಕ್ಕಾಗಿ ಬಳಸಿದವರು ಶೇಕಡಾ 76. ಬಳಸುವುದು ತಿಳಿಯಿತು, ಬಳಸಿದ ಮಕ್ಕಳ ಮನಸ್ಸಿಗೆ ಏನಾಯಿತೆಂಬುದನ್ನು ಆ ವರದಿ ಕೇಳಿಲ್ಲ, ಅದು ಅದರ ಕೆಲಸವೂ ಅಲ್ಲ. ಹಾಗಾಗಿ ನಮ್ಮ ಯುವ ಸಂಘದವರು ಕೈಹಾಕಿರುವ ಕೆಲಸ ಸಣ್ಣದಾದರೂ ಬೇಕಾದ ಕೆಲಸ.

ಯುವಮಿತ್ರರೇ, ನಿಮ್ಮ ಪ್ರಶ್ನಾವಳಿಗೆ ಮರಳುತ್ತೇನೆ. ಎರಡನೆಯ ಪ್ರಶ್ನೆ "ದಿನಕ್ಕೆ ಎಷ್ಟು ಗಂಟೆ?" ಎಂದಿದೆ. ಬಾಯಿಂದ ಹೇಳುವ ಗಂಟೆಗೂ ಯಂತ್ರ ದಾಖಲಿಸಿದ ಗಂಟೆಗೂ ಹೊಂದಾಣಿಕೆ ಕಡಿಮೆಯೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ತೋರಿಸಿದ್ದಾರೆ. ಬಳಕೆಯ ಲೆಕ್ಕವನ್ನು ಫೋನೇ ಇಟ್ಟಿರುತ್ತದೆ. ಅದನ್ನು ತೆಗೆದು ನೋಡಿ ಬರೆಯಲು ಹೇಳಿರಿ. ಅದರಲ್ಲಿಯೂ ನಮ್ಮ ಊರಿನ ತೊಡಕೊಂದಿದೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಒಂದೇ ಫೋನು. ಬೆಳಿಗ್ಗೆ ಅಪ್ಪನದು, ಸಂಜೆ ಮಗನದು, ಮಗ ಮಲಗಿದ ಮೇಲೆ ಅಮ್ಮನದು. ಆ ಲೆಕ್ಕ ಯಾರದು? ಆದುದರಿಂದ ಎಷ್ಟು ಹೊತ್ತೆಂಬುದಕ್ಕಿಂತ ಯಾವ ಹೊತ್ತು, ಯಾರ ಜೊತೆ, ಯಾವುದನ್ನು ಬಿಟ್ಟು ಎಂದು ಕೇಳಿರಿ. ಒಂದು ಗಂಟೆ ಅಕ್ಕನೊಡನೆ ವಿಡಿಯೋದಲ್ಲಿ ಮಾತನಾಡುವುದೂ, ರಾತ್ರಿ ಒಂದು ಗಂಟೆಗೆ ಒಬ್ಬನೇ ಅಪರಿಚಿತರ ಚಿತ್ರಗಳನ್ನು ಸರಿಸುತ್ತಿರುವುದೂ ಒಂದೇ ಅಲ್ಲ. ನಿದ್ರೆಯನ್ನು ಕುರಿತು ಮಾತ್ರ ತಪ್ಪದೆ ಕೇಳಿರಿ. ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ, ನಡುವೆ ಎಷ್ಟು ಸಲ ಎಚ್ಚರವಾಯಿತು? ಫೋನು ಮನಸ್ಸಿಗೆ ಕೆಡುಕು ಮಾಡುವ ದಾರಿಗಳಲ್ಲಿ ನಿದ್ರೆಗೇಡು ಬಹಳ ನೇರವಾದುದು. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದ ದೊಡ್ಡಬಳ್ಳಾಪುರದ ಮಕ್ಕಳು ಆ ಸದ್ದಿಗೆ ಎಚ್ಚರಗೊಳ್ಳುವುದಿಲ್ಲ. ಫೋನಿನ ಒಂದು ಟಣ್ ಎಂಬ ಶಬ್ದಕ್ಕೆ ಎಚ್ಚರಗೊಳ್ಳುತ್ತಾರೆ.

ಇನ್ನು ಭಾಷೆಯ ವಿಷಯ. ಇದರ ಮೇಲೆ ಯಾರೂ ಹೆಚ್ಚು ಗಮನವಿಡುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನೀವು ಅಂತರ್ಜಾಲದಿಂದ ತೆಗೆದುಕೊಂಡ ಪ್ರಶ್ನೆಗಳು ಇಪ್ಪತ್ತು. ಅವು ಕಿಂಬರ್ಲಿ ಯಂಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1998ರಲ್ಲಿ ಪ್ರಕಟಿಸಿದವು, ಮೇಜಿನ ಮೇಲಿನ ಕಂಪ್ಯೂಟರಿನ ಕಾಲದವು. ಅವನ್ನು ಕನ್ನಡಕ್ಕೆ ತಿರುಗಿಸುವಾಗ ನೀವು "ನಿಮಗೆ ಖಿನ್ನತೆಯಾಗುತ್ತದೆಯೇ?" ಎಂದು ಬರೆದಿದ್ದೀರಿ. ಖಿನ್ನತೆ ಎಂಬ ಶಬ್ದವನ್ನು ನಮ್ಮ ಹುಡುಗರು ಪತ್ರಿಕೆಯಲ್ಲಿ ಓದಿರಬಹುದು. ತಮ್ಮ ಬಾಯಲ್ಲಿ ಆಡುವುದಿಲ್ಲ. ಅವರು ಹೇಳುವುದು "ಬೇಜಾರು". ಮಳೆ ಬಂದು ಆಟ ನಿಂತರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಅಜ್ಜಿ ಸತ್ತರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. "ನಿನ್ನ ಮೇಲೆ ಬೇಜಾರು" ಎಂದರೆ ಮುನಿಸು. "ಮನೇಲಿ ಬೇಜಾರು" ಎಂದರೆ ಹೊತ್ತು ಹೋಗದು, ಇಲ್ಲವೆ ಅಪ್ಪ ಅಮ್ಮ ಜಗಳವಾಡುತ್ತಿದ್ದಾರೆ. ಒಂದು ಶಬ್ದದ ಕೆಳಗೆ ಇಷ್ಟೊಂದು ಅಡಗಿರುವಾಗ, "ಬೇಜಾರಾಗುತ್ತದೆಯೇ? ಹೌದು, ಇಲ್ಲ" ಎಂದು ಗೆರೆ ಎಳೆದರೆ ಏನು ಗೊತ್ತಾದೀತು? ಹುಡುಗಿ ಬೇಜಾರು ಎಂದಾಗ, "ಬೇಜಾರಾದಾಗ ನೀನು ಏನು ಮಾಡುತ್ತೀಯಮ್ಮ?" ಎಂದು ಕೇಳಿ ಸುಮ್ಮನಿರಿ. ಮಲಗುತ್ತೇನೆ ಎನ್ನುವವಳಿಗೂ, ಊಟ ಸೇರುವುದಿಲ್ಲ ಎನ್ನುವವಳಿಗೂ, ಬಾವಿಯ ಕಡೆ ಹೋಗಿ ಕೂರುತ್ತೇನೆ ಎನ್ನುವವಳಿಗೂ ಇರುವ ಅಂತರ ಆಗ ತಿಳಿಯುತ್ತದೆ. ನಿಮ್ಹಾನ್ಸಿನಲ್ಲಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳ ಬಗೆಗೆ ಜನಸಾಮಾನ್ಯರ ಕನ್ನಡದಲ್ಲಿ ಬರೆದ ಪುಸ್ತಕಗಳನ್ನು ಓದಿದರೆ ಈ ಕೆಲಸಕ್ಕೆ ಬೇಕಾದ ಶಬ್ದಗಳು ನಿಮಗೆ ದೊರೆಯುತ್ತವೆ.

ಗೌಪ್ಯದ ಮಾತು ಅದಕ್ಕಿಂತ ಮುಖ್ಯವಾದುದು. ನಮ್ಮದು ಸಣ್ಣ ಧರ್ಮಕೇಂದ್ರ. ಒಬ್ಬರ ಮನೆಯ ಸಾರಿನ ವಾಸನೆ ಇನ್ನೊಬ್ಬರಿಗೆ ತಿಳಿಯುತ್ತದೆ. ಪ್ರಶ್ನೆ ಕೇಳಲು ಹೋದವನು ಉತ್ತರ ಕೊಟ್ಟವಳ ಚಿಕ್ಕಪ್ಪನ ಮಗನೇ ಆಗಿರುತ್ತಾನೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆಡವುವುದಿಲ್ಲವೆಂಬ ನಂಬಿಕೆಯಿಂದಲೇ ಅಲ್ಲವೆ ನಾವು ಅಲ್ಲಿ ಬಾಯಿ ಬಿಡುವುದು? ನಿಮ್ಮ ಕಾಗದಗಳಲ್ಲಿ ಹೆಸರು ಬೇಡ, ಮನೆಯ ನಂಬರು ಬೇಡ. ಸಮೀಪದ ಇನ್ನೊಂದು ಧರ್ಮಕೇಂದ್ರದ ಯುವಕರು ಇಲ್ಲಿಗೆ ಬಂದು ಕೇಳಲಿ, ನೀವು ಅಲ್ಲಿಗೆ ಹೋಗಿ ಕೇಳಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಹದಿನೆಂಟರೊಳಗಿನವರಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಅದು ಮಾತ್ರ ಸಾಲದು, ಮಗುವಿನ ಸಮ್ಮತಿಯೂ ಬೇಕು. ತಾಯಂದಿರೇ, ಒಪ್ಪಿಗೆ ಕೊಟ್ಟೆವೆಂದು ಉತ್ತರಗಳನ್ನು ತೋರಿಸಿರೆಂದು ಕೇಳಬೇಡಿ. ಹಾಗೆ ಕೇಳುವುದಾದರೆ ಒಪ್ಪಿಗೆಯನ್ನೇ ಕೊಡಬೇಡಿ. ಈ ಸಮೀಕ್ಷೆಗೆ ಮುನ್ನ ಪ್ರಶ್ನೆಗಳನ್ನೆಲ್ಲ ತಿಳಿದವರೊಬ್ಬರು ನೋಡಿ ತಿದ್ದಬೇಕು. 1963ರಲ್ಲಿ ನಮ್ಮ ಧರ್ಮಸಭೆಯ ಮೇಲಧ್ಯಕ್ಷರ ಮಂಡಳಿಯೇ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿರುವಾಗ ನಾವು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಅಲ್ಲಿನ ಮನೋವೈದ್ಯ ವಿಭಾಗಕ್ಕೆ ಪತ್ರ ಬರೆಯಲು ಧರ್ಮಗುರುಗಳು ಒಪ್ಪಿದ್ದಾರೆ.

ಆದರೆ ಗೌಪ್ಯಕ್ಕೂ ಒಂದು ಎಲ್ಲೆಯುಂಟು. ಸಾಯಬೇಕೆನಿಸುತ್ತದೆ ಎಂದು ಒಂದು ಮಗು ಹೇಳಿದರೆ, ಅದನ್ನು ಕಾಗದದಲ್ಲಿ ಗುರುತು ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋಗುವ ಅಧಿಕಾರ ಯಾರಿಗೂ ಇಲ್ಲ. ಅಲ್ಲಿಯೇ ನಿಲ್ಲಬೇಕು, ಮಗುವನ್ನು ಒಂಟಿಯಾಗಿ ಬಿಡಬಾರದು, ಹಿರಿಯರೊಬ್ಬರಿಗೆ ತಿಳಿಸಬೇಕು. ಈ ನಿಯಮವನ್ನು ಮಗುವಿಗೆ ಮೊದಲೇ ಹೇಳಿರಬೇಕು. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿಮಾನಸ್ ಸೇವೆಯ ನಂಬರು 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಫೋನಿನ ಬಗೆಗೆ ಇಷ್ಟು ಹೊತ್ತು ದೂರಿದ ಮೇಲೆ ಆಪತ್ತಿಗೆ ಆ ಫೋನನ್ನೇ ಹಿಡಿಯಿರೆಂದು ಹೇಳಬೇಕಾಗಿದೆ. ಏನು ಮಾಡುವುದು, ವಸ್ತುವಿನ ಸ್ಥಿತಿಯೇ ಹಾಗಿದೆ.

ಧರ್ಮಸಭೆಯೂ ಈ ವಿಷಯದಲ್ಲಿ ಎರಡು ಕಣ್ಣಿನಿಂದಲೇ ನೋಡಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದೇ ಸಮೂಹ ಮಾಧ್ಯಮಗಳ ಬಗೆಗೆ ಒಂದು ಆದೇಶವನ್ನು ಹೊರಡಿಸಿ, ಅವುಗಳ ಉಪಯೋಗವನ್ನು ಮೆಚ್ಚಿ, ಯುವಜನರು ಮಿತವನ್ನು ಕಲಿಯಬೇಕೆಂದಿತು. ಪರಮಪೂಜ್ಯ ಪೋಪ್ ಫ್ರಾನ್ಸಿಸ್ ಅವರು 2019ರಲ್ಲಿ ಯುವಜನರಿಗೆ ಬರೆದ ಪ್ರೇಷಿತ ಪ್ರಬೋಧನೆಯ 86ರಿಂದ 90ನೆಯ ಪರಿಚ್ಛೇದಗಳು ಡಿಜಿಟಲ್ ಲೋಕದ ಕುರಿತಾಗಿಯೇ ಇವೆ. ಅಲ್ಲಿ ಸಂವಾದದ ಅವಕಾಶವೂ ಇದೆ, ಒಂಟಿತನ, ಶೋಷಣೆಗಳ ಅಪಾಯವೂ ಇದೆ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರು ಸಂತನೆಂದು ಘೋಷಿಸಿದ ಕಾರ್ಲೋ ಅಕುಟಿಸ್, 2006ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ಮರಣಿ ಹೊಂದಿದ ಹುಡುಗ. ಪರಮಪ್ರಸಾದದ ಅದ್ಭುತಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಲು ಕಂಪ್ಯೂಟರ್ ಕಲಿತವನು. ವಿಡಿಯೋ ಆಟವನ್ನು ವಾರಕ್ಕೆ ಒಂದೇ ಗಂಟೆಯೆಂದು ತಾನೇ ಮಿತಿ ಹಾಕಿಕೊಂಡಿದ್ದನೆಂದು ಅವನ ಜೀವನಚರಿತ್ರೆಗಳು ಹೇಳುತ್ತವೆ. ತಾನೇ ಹಾಕಿಕೊಂಡ ಎಂಬ ಮಾತನ್ನು ತಂದೆತಾಯಂದಿರು ಗಮನಿಸಬೇಕು. ಆಸ್ಟ್ರೇಲಿಯಾ ದೇಶ 2025ರ ಡಿಸೆಂಬರ್ 10ರಿಂದ ಹದಿನಾರು ವರ್ಷದೊಳಗಿನವರಿಗೆ ಜಾಲತಾಣಗಳ ಖಾತೆಯನ್ನೇ ಕಾನೂನಿನಿಂದ ತಡೆದಿದೆ. ಅದರ ಫಲವನ್ನು ತೂಗಲು ಇನ್ನೂ ಕಾಲ ಬೇಕು.

ತಂದೆತಾಯಂದಿರ ಬಗೆಗೆ ಒಂದು ಮಾತನ್ನು ಸೇರಿಸದಿದ್ದರೆ ಅನ್ಯಾಯವಾದೀತು. ಯುವ ಸಂಘದ ಹುಡುಗಿಯೊಬ್ಬಳು ನನ್ನನ್ನು, "ಸರ್, ದೊಡ್ಡವರಿಗೂ ಇದೇ ಪ್ರಶ್ನೆ ಕೇಳಬಹುದಾ?" ಎಂದು ಕೇಳಿದಳು. ಮನೆಯ ಜಪಮಾಲೆಯ ಮೂರನೆಯ ದಶಕದಲ್ಲಿ ವಾಟ್ಸಾಪ್ ನೋಡುವ ಯಜಮಾನರು ನಮ್ಮಲ್ಲಿಲ್ಲವೇ? ಮಗು ಅತ್ತರೆ ಮಗ್ಗ ನಿಲ್ಲಿಸಲಾಗದೆ ಫೋನು ಕೊಡುವ ತಾಯಿಯನ್ನು ನಾನು ದೂರುವುದಿಲ್ಲ. ಆಕೆಗೆ ಬೇರೆ ದಾರಿ ತೋರಿಸದವರು ನಾವು. ಕೇಳಬೇಕಮ್ಮ, ಅವರನ್ನೇ ಮೊದಲು ಕೇಳಬೇಕು ಎಂದೆ. ಹೀಗಾಗಿ ಪ್ರಶ್ನಾವಳಿ ಈಗ ಎರಡಾಗಿದೆ, ಹಿರಿಯರದೊಂದು, ಕಿರಿಯರದೊಂದು. ಸೇಂಟ್ ಜಾನ್ಸಿನಿಂದ ತಿದ್ದುಪಡಿಯಾಗಿ ಬಂದ ಮೇಲೆ ಹಿರಿಯರ ಕಾಗದಗಳನ್ನು ಭಾನುವಾರದ ಎರಡನೆಯ ಬಲಿಪೂಜೆಯ ನಂತರ ಬಾಗಿಲ ಬಳಿ ಹಂಚುತ್ತಾರೆ. ಹೆಸರು ಬರೆಯದೆ, ಸತ್ಯವನ್ನೇ ಬರೆದು, ಕಾಣಿಕೆ ಡಬ್ಬಿಯ ಪಕ್ಕದಲ್ಲಿಡುವ ಬೀಗ ಹಾಕಿದ ಪೆಟ್ಟಿಗೆಗೆ ತಾವೇ ಹಾಕಬೇಕೆಂದು ಕೋರುತ್ತೇನೆ. ಬೀಗದ ಕೈ ಭಗಿನಿಯರ ಬಳಿ ಇರುತ್ತದೆ, ನನ್ನ ಬಳಿ ಅಲ್ಲ.